ಆನೆ ಸೀಲುಗಳಿಂದ ಇಪ್ಪತ್ತೈದು ಅಡಿ ದೂರದಲ್ಲಿ: ಆನ್ಯೊ ನ್ವೇವೊ ಉದ್ಯಾನದ ಸ್ವಯಂಸೇವೆಯಲ್ಲಿ ನನ್ನ ಮೊದಲ ವರ್ಷ

ಮಾರ್ಚ್ 31ರ ಸಂಜೆ ಈ ಋತುವಿನ ಕೊನೆಯ ನಡಿಗೆಯನ್ನು ಮುಗಿಸಿ, ಭುಜಕ್ಕೆ ತೂಗುಹಾಕಿಕೊಂಡಿದ್ದ ರೇಡಿಯೊವನ್ನು ಚಾರ್ಜರಿನ ಗೂಡಿಗೆ ಸಿಕ್ಕಿಸಿ, ಬೂಟಿನೊಳಗಿನ ಮರಳನ್ನು ಕೊಡವಿ ಕಾರು ಹತ್ತಿದೆ. ಕ್ಯಾಲಿಫೋರ್ನಿಯಾದ ಆನ್ಯೊ ನ್ವೇವೊ ಸ್ಟೇಟ್ ಪಾರ್ಕಿನಲ್ಲಿ ಸ್ವಯಂಸೇವಕಿಯಾಗುವ ಆಸೆಯಿಂದ ನಾನು ಮೊದಲ ಇ-ಮೇಲ್ ಬರೆದದ್ದು ಹಿಂದಿನ ವರ್ಷದ ಮೇ ತಿಂಗಳಲ್ಲಿ. ಈ ಹನ್ನೊಂದು ತಿಂಗಳಲ್ಲಿ ಹೆಚ್ಚಿನ ಕಾಲ ನಾನು ಕಡಲತೀರದಲ್ಲಿರಲಿಲ್ಲ. ಅರ್ಜಿ, ಬೆರಳಚ್ಚು, ತರಗತಿ, ಕಂಠಪಾಠ ಮತ್ತು ಕಾಯುವಿಕೆಯಲ್ಲಿದ್ದೆ. ನಮ್ಮ ಕನ್ನಡ ಕೂಟದ ಮೂವರು ಗೆಳತಿಯರು ಈ ವರ್ಷ ಅರ್ಜಿ ಹಾಕುವ ಮನಸ್ಸು ಮಾಡಿದ್ದಾರೆ. ನಾನು ಎಡವಿದ ಕಡೆಯಲ್ಲಿ ಅವರೂ ಎಡವದಿರಲೆಂದು, ನೆನಪು ಹಸಿಯಾಗಿರುವಾಗಲೇ ಇದನ್ನು ಬರೆದಿಡುತ್ತಿದ್ದೇನೆ.

ಈ ಉದ್ಯಾನವು ಸ್ಯಾನ್ ಫ್ರಾನ್ಸಿಸ್ಕೊ ನಗರದಿಂದ ದಕ್ಷಿಣಕ್ಕೆ ಸುಮಾರು 55 ಮೈಲಿ ದೂರದಲ್ಲಿ, ಹಾಫ್ ಮೂನ್ ಬೇ ಮತ್ತು ಸಾಂತಾ ಕ್ರೂಸ್ ಊರುಗಳ ನಡುವೆ, ಒಂದನೆಯ ಹೆದ್ದಾರಿಯ ಪಕ್ಕದಲ್ಲಿದೆ. ಸೆಬಾಸ್ಟಿಯನ್ ವಿಸ್ಕಯಿನೊನ ಸ್ಪ್ಯಾನಿಷ್ ನೌಕಾಯಾನದಲ್ಲಿದ್ದ ಪಾದ್ರಿಯೊಬ್ಬರು 1603ರ ಜನವರಿ 3ರಂದು ಈ ಭೂಶಿರವನ್ನು ಕಂಡು, ಹೊಸ ವರ್ಷ ಆಗಷ್ಟೇ ಕಾಲಿಟ್ಟಿದ್ದರಿಂದ ಅದಕ್ಕೆ 'ಹೊಸ ವರ್ಷ' ಎಂಬರ್ಥದ ಈ ಹೆಸರನ್ನಿಟ್ಟರು. ಇಂದು ಜನ ಇಲ್ಲಿಗೆ ಬರುವುದು ಉತ್ತರದ ಆನೆ ಸೀಲುಗಳೆಂಬ ಕಡಲ ಸಸ್ತನಿಗಳನ್ನು ನೋಡಲು. ಸೊಂಡಿಲಿನಂತೆ ಜೋಲುವ ಮೂಗಿನ, ಎರಡು ಟನ್ನಿಗೂ ಮೀರಿ ತೂಗಬಲ್ಲ ಗಂಡು ಸೀಲುಗಳು ಚಳಿಗಾಲದಲ್ಲಿ ಈ ಮರಳ ದಂಡೆಯ ಮೇಲೆ ಹೆಣ್ಣುಗಳಿಗಾಗಿ ಕಾದಾಡುತ್ತವೆ. ಹೆಣ್ಣುಗಳು ಇಲ್ಲಿಯೇ ಮರಿ ಹಾಕುತ್ತವೆ. ಡಿಸೆಂಬರ್ 15ರಿಂದ ಮಾರ್ಚ್ 31ರವರೆಗೆ ಮಾರ್ಗದರ್ಶಕರಿಲ್ಲದೆ ಆ ಪ್ರದೇಶದೊಳಕ್ಕೆ ಯಾರೂ ಕಾಲಿಡುವಂತಿಲ್ಲ. ಹಾಗೆ ಕರೆದೊಯ್ಯುವವರಲ್ಲಿ ಬಹುಪಾಲು ಸ್ವಯಂಸೇವಕರು; ಅವರನ್ನು ಇಲ್ಲಿ 'ಡೋಸೆಂಟ್' ಎನ್ನುತ್ತಾರೆ.

ನಾನು ಕುಮಟಾ ತಾಲ್ಲೂಕಿನವಳು. ಕ್ಯಾಲಿಫೋರ್ನಿಯಾದ ಸನಿವೇಲಿಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಕಡಲ ಸಪ್ಪಳ ಕೇಳುತ್ತಾ ಬೆಳೆದವಳು ಇಷ್ಟು ಹತ್ತಿರದಲ್ಲಿ ಪೆಸಿಫಿಕ್ ಸಾಗರವಿದ್ದೂ ವರ್ಷಕ್ಕೆ ಎರಡು ಸಲ, ಅದೂ ನೆಂಟರು ಬಂದಾಗ ಮಾತ್ರ ಅತ್ತ ಹೋಗುತ್ತಿದ್ದೆ. ಹಾಗೊಮ್ಮೆ ಜನವರಿಯಲ್ಲಿ ನಾದಿನಿಯ ಮನೆಯವರನ್ನು ಕರೆದುಕೊಂಡು ಹೋದಾಗ, ಎಂಬತ್ತರ ಹತ್ತಿರದ ಹಿರಿಯ ಮಹಿಳೆಯೊಬ್ಬರು ನಮ್ಮ ಗುಂಪನ್ನು ಮೂರು ಮೈಲಿ ನಡೆಸಿದರು. ದಾರಿಯುದ್ದಕ್ಕೂ ಅವರು ಹೇಳಿದ ಜೀವಶಾಸ್ತ್ರದ ಸಂಗತಿಗಳೆಲ್ಲ ನನಗೆ ಮರೆತುಹೋಗಿವೆ; ದಿಬ್ಬದ ಮೇಲೆ ನಿಂತು ಏನೂ ಹೇಳದೆ ಕೈಯೆತ್ತಿ ನಮ್ಮನ್ನೆಲ್ಲ ಸುಮ್ಮನಾಗಿಸಿದ್ದು ಮಾತ್ರ ನೆನಪಿದೆ. ಕೆಳಗಿನ ದಂಡೆಯಿಂದ ಗಂಡು ಸೀಲಿನ ಕೂಗು ಬಂತು. ಖಾಲಿ ಡ್ರಮ್ಮನ್ನು ದೊಡ್ಡ ಕೊಡತಿಯಿಂದ ನಿಧಾನವಾಗಿ ಬಡಿದಂತಹ ಆ ಶಬ್ದ ಎದೆಗೂಡಿನೊಳಗೆ ಕೇಳಿಸುತ್ತದೆ. ಮನೆಗೆ ಬಂದವಳು ನಾಲ್ಕು ತಿಂಗಳು ಯೋಚಿಸಿ ಮೇ ತಿಂಗಳಲ್ಲಿ ಪತ್ರ ಬರೆದೆ.

ಹೊಸಬರು ಮೊದಲು ತಿಳಿಯಬೇಕಾದದ್ದು ಇದು: ಚಳಿಗಾಲದಲ್ಲಿ ಸೀಲುಗಳನ್ನು ನೋಡಿ ಮನಸ್ಸು ಕರಗಿದ ತಕ್ಷಣ ಸೇರಲು ಬರುವುದಿಲ್ಲ. ತರಬೇತಿ ನಡೆಯುವುದು ಶರತ್ಕಾಲದಲ್ಲಿ. ಅದಕ್ಕೆ ಮುನ್ನ ಅರ್ಜಿ, ಮಾತುಕತೆ ಮತ್ತು ಹಿನ್ನೆಲೆ ಪರಿಶೀಲನೆ ಮುಗಿದಿರಬೇಕು. ಆದ್ದರಿಂದ ಬೇಸಿಗೆಯ ಆರಂಭದಲ್ಲಿಯೇ ವಿಚಾರಿಸಿಟ್ಟುಕೊಳ್ಳುವುದು ಒಳ್ಳೆಯದು. ಸಂಯೋಜಕರಿಂದ ಎರಡು ವಾರಗಳಲ್ಲಿ ಸೌಜನ್ಯದ ಉತ್ತರವೂ ಒಂದು ನಮೂನೆಯೂ ಬಂದವು.

ನಮೂನೆ ಉದ್ದವಾದುದೇನಲ್ಲ, ಆದರೂ ನಾನು ಅದನ್ನು ಎರಡು ಸಲ ತುಂಬಬೇಕಾಯಿತು. ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕೆಂಬ ಜಾಗದಲ್ಲಿ ಯಜಮಾನರ ಹೆಸರನ್ನು ಬರೆದು ದೂರವಾಣಿ ಸಂಖ್ಯೆಯನ್ನು ಬಿಟ್ಟಿದ್ದೆ. ಒಂದು ಕಡೆ ಸಹಿಯನ್ನೂ ಮರೆತಿದ್ದೆ. ಪಾಸ್‌ಪೋರ್ಟಿನಲ್ಲಿ ನನ್ನ ಹೆಸರಿನ ಮುಂದೆ ತಂದೆಯ ಹೆಸರು, ಚಾಲನಾ ಪರವಾನಗಿಯಲ್ಲಿ ಗಂಡನ ಹೆಸರು ಇದ್ದುದರಿಂದ ಯಾವುದನ್ನು ಬರೆಯುವುದೆಂಬ ಗೊಂದಲ ಬೇರೆ. ಬೆರಳಚ್ಚಿಗೆ ಹೋಗುವಾಗ ತೋರಿಸುವ ಗುರುತಿನ ಚೀಟಿಯಲ್ಲಿ ಹೆಸರು ಹೇಗಿದೆಯೋ ಅಕ್ಷರಶಃ ಹಾಗೆಯೇ ಎಲ್ಲ ಕಡೆಯೂ ಬರೆಯಿರಿ. ನನಗೆ ಗ್ರೀನ್ ಕಾರ್ಡ್ ಇದ್ದುದರಿಂದ ಅನುಮಾನಕ್ಕೆ ಎಡೆಯಿರಲಿಲ್ಲ. ವೀಸಾದ ಮೇಲಿರುವವರು, ಸಂಬಳವಿಲ್ಲದ ಕೆಲಸವೇ ಆದರೂ, ತಮ್ಮ ವಕೀಲರನ್ನು ಒಂದು ಮಾತು ಕೇಳಿ ಮುಂದುವರಿಯುವುದು ಕ್ಷೇಮ.

ಜುಲೈಯಲ್ಲಿ ಸಂಯೋಜಕರೊಂದಿಗೆ ಮಾತುಕತೆ ನಡೆಯಿತು. ಪ್ರಾಣಿಶಾಸ್ತ್ರದ ಪ್ರಶ್ನೆಗಳನ್ನು ಕೇಳುತ್ತಾರೆಂದು ಹೆದರಿ ಎರಡು ರಾತ್ರಿ ಓದಿಕೊಂಡು ಹೋಗಿದ್ದೆ. ಅವರು ಕೇಳಿದ್ದು ಬೇರೆಯೇ: ಮಳೆಯಲ್ಲಿ ಎರಡೂವರೆ ಗಂಟೆ ನಡೆಯಬಲ್ಲಿರಾ? ನಿಮ್ಮ ಮಾತನ್ನು ಕೇಳದ ವಯಸ್ಕರನ್ನು ಹೇಗೆ ತಡೆಯುತ್ತೀರಿ? ಇಡೀ ಋತುವಿಗೆ ದಿನಗಳನ್ನು ಮೊದಲೇ ಕೊಡಬಲ್ಲಿರಾ? ಮೂರನೆಯದು ನನ್ನನ್ನು ಇಕ್ಕಟ್ಟಿಗೆ ಸಿಲುಕಿಸಿತು, ಏಕೆಂದರೆ ಡಿಸೆಂಬರ್ ಕೊನೆಯಲ್ಲಿ ಊರಿಗೆ ಹೋಗುವ ಟಿಕೆಟ್ ಆಗಲೇ ಕಾದಿರಿಸಿತ್ತು. ಅದನ್ನು ಏಪ್ರಿಲ್‌ಗೆ ಬದಲಿಸಲು 310 ಡಾಲರ್ ಕೊಟ್ಟೆ. ಇಡೀ ಪ್ರಯತ್ನದಲ್ಲಿ ಅತಿ ದೊಡ್ಡ ಖರ್ಚು ಅದೇ. ಸ್ವಯಂಸೇವೆಗೂ ಅದಕ್ಕೂ ಸಂಬಂಧವಿಲ್ಲವೆಂದು ನಮ್ಮ ಯಜಮಾನರು ಈಗಲೂ ವಾದಿಸುತ್ತಾರೆ.

ಆಗಸ್ಟಿನಲ್ಲಿ ಬೆರಳಚ್ಚಿನ ಸರದಿ ಬಂತು. ಶಾಲಾ ಮಕ್ಕಳ ಗುಂಪುಗಳನ್ನೂ ಕರೆದೊಯ್ಯಬೇಕಾಗುವುದರಿಂದ 'ಲೈವ್ ಸ್ಕ್ಯಾನ್' ಎಂಬ ಯಂತ್ರದಲ್ಲಿ ಹತ್ತೂ ಬೆರಳುಗಳ ಗುರುತು ಕೊಟ್ಟು, ಅದನ್ನು ರಾಜ್ಯದ ನ್ಯಾಯ ಇಲಾಖೆಯ ಕಡತಗಳೊಂದಿಗೆ ಹೋಲಿಸಿ ನೋಡಿ ಒಪ್ಪಿಗೆ ಬರಬೇಕು. ಹತ್ತಿರದ ಅಂಚೆ-ಪಾರ್ಸೆಲ್ ಅಂಗಡಿಯೊಂದರಲ್ಲಿ 30 ಡಾಲರ್ ತೆತ್ತು ಬೆರಳೊತ್ತಿದೆ. ಹತ್ತು ದಿನಗಳ ನಂತರ ಗುರುತುಗಳು ಸ್ಪಷ್ಟವಾಗಿಲ್ಲವೆಂದು ತಿರಸ್ಕೃತವಾಗಿ ಬಂದವು. ಎರಡನೆಯ ಸಲ ಹೋದಾಗ ಅಂಗಡಿಯ ಹುಡುಗಿ ನನ್ನ ಬೆರಳತುದಿಗಳನ್ನು ಬೆಳಕಿಗೆ ಹಿಡಿದು ನೋಡಿ, "ನೀವು ತೋಟದ ಕೆಲಸ ಮಾಡುತ್ತೀರಾ?" ಎಂದಳು. ಹಿತ್ತಿಲಲ್ಲಿ ಬಸಳೆ, ಬದನೆ ಬೆಳೆಸುವುದೂ, ಪಾತ್ರೆಗಳನ್ನು ಕೈಯಲ್ಲೇ ಉಜ್ಜುವುದೂ ಇಷ್ಟು ದೊಡ್ಡ ಸಾಕ್ಷ್ಯವಾಗಬಹುದೆಂದು ನನಗೆ ಗೊತ್ತಿರಲಿಲ್ಲ. ಒಂದು ವಾರ ಮಣ್ಣು ಮುಟ್ಟದೆ, ರಾತ್ರಿ ಮಲಗುವಾಗ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಾ ಇದ್ದು ಹೋಗಿದ್ದರೂ ಆ ಪ್ರಯತ್ನವೂ ತಿರಸ್ಕೃತವಾಯಿತು.

ಆ ದಿನಗಳ ಮನಸ್ಥಿತಿಯನ್ನು ಇಲ್ಲಿ ಹೇಳಲೇಬೇಕು. ಯಾವ ತಪ್ಪನ್ನೂ ಮಾಡದವಳಾಗಿದ್ದರೂ ಕಡತದಲ್ಲಿ ಏನೋ ಸಿಕ್ಕಿರಬಹುದೆಂಬ ಅರ್ಥವಿಲ್ಲದ ಅಂಜಿಕೆ ಕಾಡತೊಡಗಿತು. ಸೆಪ್ಟೆಂಬರ್ ಕೊನೆಯ ವಾರದ ತರಗತಿ ಹತ್ತಿರವಾಗುತ್ತಿದ್ದಂತೆ ದಿನಕ್ಕೆ ನಾಲ್ಕು ಸಲ ಇ-ಮೇಲ್ ತೆರೆದು ನೋಡುವುದು ಅಭ್ಯಾಸವಾಯಿತು. ಎರಡು ಸಲ ಬೆರಳಚ್ಚು ತಿರಸ್ಕೃತವಾದರೆ ಹೆಸರಿನ ಆಧಾರದ ಮೇಲೆ ಪರಿಶೀಲನೆ ನಡೆಸುವ ದಾರಿಯೊಂದಿದೆ ಎಂದು ಸಂಯೋಜಕರೇ ತಿಳಿಸಿ, ಅದಕ್ಕೆ ಬೇಕಾದ ಕಾಗದಗಳನ್ನು ಹೊಂದಿಸಿಕೊಟ್ಟರು. ಆದುದರಿಂದ ಐವತ್ತು ದಾಟಿದವರು, ಕೈಕೆಲಸ ಹೆಚ್ಚಿರುವವರು ಈ ಹಂತಕ್ಕೆ ಎರಡು ವಾರವಲ್ಲ, ಎರಡು ತಿಂಗಳು ಇಟ್ಟುಕೊಳ್ಳಿ. ಅಂಗಡಿಯವರು ಕೊಡುವ ರಸೀದಿಯನ್ನೂ ಅದರಲ್ಲಿನ ಸಂಖ್ಯೆಯನ್ನೂ ಕಳೆದುಕೊಳ್ಳಬೇಡಿ. ಅದಿಲ್ಲದಿದ್ದರೆ ಕಾಗದ ಎಲ್ಲಿದೆಯೆಂದು ವಿಚಾರಿಸುವುದೇ ಕಷ್ಟ. ಇದೇ ಸಮಯದಲ್ಲಿ ಊರಿನಿಂದ ಅಮ್ಮ ಫೋನಿನಲ್ಲಿ ಕೇಳಿದಳು: "ಸಂಬಳ ಎಷ್ಟು ಕೂಸೇ?" ಇಲ್ಲವೆಂದೆ. "ಪುಕ್ಕಟೆ ದುಡಿಯಲಿಕ್ಕೂ ಪೊಲೀಸರ ಅಪ್ಪಣೆ ಬೇಕೆ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ತರಗತಿ ಶುರುವಾಗುವ ನಾಲ್ಕು ದಿನ ಮೊದಲು ಒಪ್ಪಿಗೆ ಬಂತು.

ತರಗತಿಗಳು ಬಿಡಿ ಶನಿವಾರಗಳಲ್ಲಿ, ಹಿಂದಿನ ಕಾಲದ ಹೈನುಗಾರಿಕೆಯ ಕೊಟ್ಟಿಗೆಯನ್ನು ಸಂದರ್ಶಕರ ಕೇಂದ್ರವಾಗಿ ಮಾರ್ಪಡಿಸಿದ ಕಟ್ಟಡದಲ್ಲಿ ನಡೆದವು. ನಿವೃತ್ತ ಶಿಕ್ಷಕಿ, ಕಾಲೇಜು ವಿದ್ಯಾರ್ಥಿ, ದಂತವೈದ್ಯ, ಬಡಗಿ, ಹೀಗೆ ನಾನಾ ಬಗೆಯವರು ಇದ್ದರು. ಭಾರತದವಳು ನಾನೊಬ್ಬಳೇ. ನಾನು ಬರೀ ಸೀಲುಗಳ ಪಾಠವೆಂದು ಹೋದರೆ, ಮೊದಲ ದಿನವಿಡೀ ಮನುಷ್ಯರ ಕಥೆಯಾಯಿತು. ಆ ಕಥೆ ಇಲ್ಲದೆ ಸೀಲುಗಳ ಕಥೆ ಅರ್ಧವೆಂದು ಆಮೇಲೆ ತಿಳಿಯಿತು.

ಈ ನೆಲದ ಮೂಲ ಜನ ಒಹ್ಲೋನಿ ಸಮುದಾಯಗಳಲ್ಲೊಂದಾದ ಕಿರೋಸ್ತೆಯವರು. ಹುಲ್ಲುಗಾವಲಿಗೆ ಕಾಲಕಾಲಕ್ಕೆ ಬೆಂಕಿಯಿಟ್ಟು ಅದನ್ನು ಪೊದೆಗಾಡಾಗದಂತೆ ನೋಡಿಕೊಂಡವರು, ಇಲ್ಲಿನ ಚರ್ಟ್ ಎಂಬ ಗಡಸು ಕಲ್ಲಿನಿಂದ ಬಾಣದ ಮೊನೆಗಳನ್ನು ಕೆತ್ತಿದವರು. 1769ರಲ್ಲಿ ಪೋರ್ತೊಲಾನ ಸ್ಪ್ಯಾನಿಷ್ ತಂಡ ಹಸಿದು, ಕಾಯಿಲೆ ಬಿದ್ದು ಇತ್ತ ಬಂದಾಗ ಅವರಿಗೆ ಅನ್ನವಿಟ್ಟು ದಾರಿ ತೋರಿದವರು ಇವರೇ; ಇಡೀ ಊರು ಹಿಡಿಸುವಷ್ಟು ದೊಡ್ಡ ದುಂಡು ಮನೆಯೊಂದನ್ನು ಇಲ್ಲಿ ಕಂಡೆವೆಂದು ಆ ತಂಡದವರು ಬರೆದಿಟ್ಟಿದ್ದಾರೆ. ಇಪ್ಪತ್ತನಾಲ್ಕು ವರ್ಷಗಳ ನಂತರ, 1793ರಲ್ಲಿ, ಸಾಂತಾ ಕ್ರೂಸಿನ ಮಿಷನ್ ಎಂಬ ಸ್ಪ್ಯಾನಿಷ್ ಪಾದ್ರಿಗಳ ನೆಲೆಯ ಮೇಲೆ ದಾಳಿ ಮಾಡಿದವರೂ ಕಿರೋಸ್ತೆಯವರೇ. ಆ ಎರಡು ಇಸವಿಗಳ ನಡುವೆ ಏನಾಗಿರಬಹುದೆಂದು ಕಲಿಸುವವರು ನಮ್ಮನ್ನೇ ಕೇಳಿ ಸುಮ್ಮನಾದರು. ಪರರು ಬಂದು ಊರಿಗೆ ಹೊಸ ಹೆಸರಿಡುವುದು ಕರಾವಳಿಯವಳಾದ ನನಗೆ ಹೊಸತಲ್ಲ. ಆದರೆ ಅತಿಥಿಯೆಂದು ಬರಮಾಡಿಕೊಂಡವರೇ ತಮ್ಮ ನೆಲದಲ್ಲಿ ಇಲ್ಲವಾದ ಕಥೆಯನ್ನು ಅಪರಿಚಿತರ ಗುಂಪಿಗೆ ಐದು ನಿಮಿಷದಲ್ಲಿ ಹೇಗೆ ಹೇಳುವುದು ಎಂಬುದು ನನಗೆ ಇಂದಿಗೂ ಬಗೆಹರಿದಿಲ್ಲ. ಉದ್ಯಾನದೊಳಗಿನ ಒಂದು ಕಣಿವೆ ಈಗ ಅವರ ಹೆಸರಿನಲ್ಲಿ ಸಾಂಸ್ಕೃತಿಕ ರಕ್ಷಿತ ಪ್ರದೇಶವಾಗಿದೆ. ಅಮಾ ಮುತ್ಸುನ್ ಬುಡಕಟ್ಟಿನವರು ಅಲ್ಲಿ ನೆಲವನ್ನು ನೋಡಿಕೊಳ್ಳುವ ಹಳೆಯ ಕ್ರಮಗಳನ್ನು ಮರಳಿ ತರಲು ದುಡಿಯುತ್ತಿದ್ದಾರೆ.

ಮುಂದಿನದು ಬೆಣ್ಣೆ-ಚೀಸಿನ ಕಾಲ. 1860ರ ದಶಕದಲ್ಲಿ ಸ್ಟೀಲ್ ಸಹೋದರರು ಇಲ್ಲಿ ಹೈನುಗಾರಿಕೆ ನಡೆಸಿದರು. ಅಮೆರಿಕದ ಅಂತರ್ಯುದ್ಧದಲ್ಲಿ ಗಾಯಗೊಂಡ ಸೈನಿಕರ ಶುಶ್ರೂಷಾ ನಿಧಿಗಾಗಿ ಅವರು ಸುಮಾರು ಎರಡು ಟನ್ ತೂಕದ ಒಂದೇ ಚೀಸ್ ಗಡ್ಡೆಯನ್ನು ಮಾಡಿದ್ದರು. ಶಾಲಾ ಮಕ್ಕಳಿಗೆ ಈ ಚೀಸು ಸೀಲಿನಷ್ಟೇ ಇಷ್ಟವಾಗುತ್ತದೆ, ಏಕೆಂದರೆ ಎರಡರ ತೂಕವೂ ಹೆಚ್ಚುಕಡಿಮೆ ಒಂದೇ. ಮಂಜು ಮುಸುಕಿ ಹಡಗುಗಳು ಒಡೆಯುತ್ತಿದ್ದ ಈ ತೀರದಲ್ಲಿ, ಎದುರಿನ ಸಣ್ಣ ದ್ವೀಪದ ಮೇಲೆ 1872ರಲ್ಲಿ ಹಬೆಯಿಂದ ಕೂಗುವ ಸೀಟಿಯನ್ನೂ 1890ರಲ್ಲಿ ದೀಪಸ್ತಂಭವನ್ನೂ ನಿಲ್ಲಿಸಿದರು. 1948ರಲ್ಲಿ ಕಾವಲುಗಾರರು ದ್ವೀಪವನ್ನು ಬಿಟ್ಟು ಹೋದರು. ಅವರ ಮರದ ಮನೆಯನ್ನು ಸೀಲುಗಳ ಬಂಧುಗಳಾದ ಸಮುದ್ರ ಸಿಂಹಗಳು ವಶಪಡಿಸಿಕೊಂಡವು. ದುರ್ಬೀನಿನಲ್ಲಿ ನೋಡಿದರೆ ಮನೆಯಂಗಳದಲ್ಲಿ ಅವು ಹಾಯಾಗಿ ಬಿದ್ದುಕೊಂಡಿರುವುದು ಕಾಣುತ್ತದೆ.

ಸೀಲುಗಳ ಕಥೆ ಇಲ್ಲಿಗೆ ಬಂದು ಸೇರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ದೀಪದ ಎಣ್ಣೆಗಾಗಿ ಇವುಗಳನ್ನು ಎಷ್ಟು ಕೊಂದರೆಂದರೆ, ಮೆಕ್ಸಿಕೊದ ಗ್ವಾಡಲುಪೆ ದ್ವೀಪದಲ್ಲಿ ನೂರಕ್ಕಿಂತ ಕಡಿಮೆ ಉಳಿದುಕೊಂಡವೆಂದು ಅಂದಾಜು. ವಂಶವೇ ಅಳಿದಿದೆಯೆಂದು ನಂಬಿದ್ದ ಕಾಲದಲ್ಲಿ, 1892ರಲ್ಲಿ, ಅಲ್ಲಿಗೆ ಹೋದ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ತಂಡವು ಎಂಟನ್ನು ಕಂಡು, ವಸ್ತುಸಂಗ್ರಹಾಲಯಕ್ಕೆಂದು ಏಳನ್ನು ಕೊಂದಿತು. ಈ ವಾಕ್ಯವನ್ನು ಕೇಳಿದಾಗ ಗುಂಪಿನಲ್ಲಿ ಪ್ರತಿ ಸಲವೂ ಯಾರಾದರೂ ನಗುತ್ತಾರೆ, ನಂತರ ನಿಲ್ಲಿಸುತ್ತಾರೆ. 1922ರಲ್ಲಿ ಮೆಕ್ಸಿಕೊ ರಕ್ಷಣೆ ಕೊಟ್ಟ ಮೇಲೆ ಅವು ನಿಧಾನವಾಗಿ ಹೆಚ್ಚಿ ಉತ್ತರಕ್ಕೆ ಹರಡಿದವು. 1955ರಲ್ಲಿ ಆನ್ಯೊ ನ್ವೇವೊ ದ್ವೀಪದಲ್ಲಿ ಕಾಣಿಸಿಕೊಂಡು, 1961ರಲ್ಲಿ ಅಲ್ಲಿ ಮೊದಲ ಮರಿ ಹುಟ್ಟಿತು. 1975ರಲ್ಲಿ ದಡದ ಮೇಲೆಯೂ ಮರಿ ಹುಟ್ಟಿತು. ಕಾವಲುಗಾರರು ದ್ವೀಪವನ್ನು ತೊರೆದು ಇನ್ನೂ ಹತ್ತು ವರ್ಷವಾಗುವ ಮೊದಲೇ ಸೀಲುಗಳು ಬಂದದ್ದನ್ನು ನಾನು ನನ್ನ ನಡಿಗೆಯಲ್ಲಿ ತಪ್ಪದೆ ಹೇಳುತ್ತೇನೆ.

ಅಂಕಿಗಳನ್ನು ಬಾಯಿಪಾಠ ಮಾಡುವುದು ನನಗೆ ಕಷ್ಟವಾಗಲಿಲ್ಲ. ಮಗ್ಗಿ ಕಲಿತ ತಲೆಮಾರು ನಮ್ಮದು. ಹುಟ್ಟಿದ ಮರಿ ಸುಮಾರು 75 ಪೌಂಡು. ತಾಯಿ ನಾಲ್ಕು ವಾರ ಹಾಲೂಡುತ್ತದೆ. ಹಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಕೊಬ್ಬು. ಮರಿ 250ರಿಂದ 300 ಪೌಂಡಿಗೆ ಏರುತ್ತದೆ. ಅಷ್ಟೂ ದಿನ ತಾಯಿ ಒಂದು ತುತ್ತನ್ನೂ ತಿನ್ನುವುದಿಲ್ಲ. ದೊಡ್ಡ ಗಂಡುಗಳು ಮೂರು ತಿಂಗಳವರೆಗೆ ಉಪವಾಸವಿರುತ್ತವೆ. ಕಡಲಿಗಿಳಿದ ಮೇಲೆ ಗಂಡುಗಳು ಅಲಾಸ್ಕದತ್ತಲೂ ಹೆಣ್ಣುಗಳು ನಡುಗಡಲಿನತ್ತಲೂ ಹೋಗುತ್ತವೆ. ಸಾವಿರ ಅಡಿಗೂ ಆಳಕ್ಕೆ ಮುಳುಗಿ ಇಪ್ಪತ್ತು ನಿಮಿಷ ಉಸಿರು ಬಿಗಿಹಿಡಿಯುವುದು ಅವಕ್ಕೆ ನಿತ್ಯದ ಮಾತು. ಸಾಂತಾ ಕ್ರೂಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 1960ರ ದಶಕದ ಕೊನೆಯಿಂದ ಇಲ್ಲಿ ನಡೆಸಿದ ಅಧ್ಯಯನಗಳಿಂದಾಗಿ ಇವೆಲ್ಲ ನಮಗೆ ತಿಳಿದಿವೆ. ನನ್ನ ಹೆದರಿಕೆ ಇದ್ದದ್ದು ಉಚ್ಚಾರಣೆಯ ಬಗ್ಗೆ. ಗಾಳಿಯಲ್ಲಿ ಇಪ್ಪತ್ತು ಜನರಿಗೆ ಕೇಳಿಸುವಂತೆ ನನ್ನ ಇಂಗ್ಲಿಷಿನಲ್ಲಿ ಮಾತಾಡಿದರೆ ನಗುವರೇನೋ ಎಂದು ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. ಯಾರೂ ನಗಲಿಲ್ಲ.

ಅನುಭವಿಗಳ ಹಿಂದೆ ಸುಮ್ಮನೆ ನಡೆದು ನೋಡಿದ್ದು ಮೂರು ಸಲ. ಆಮೇಲೆ ನನ್ನದೇ ಟಿಪ್ಪಣಿಯೊಂದಿಗೆ ಪರೀಕ್ಷೆಯ ನಡಿಗೆ. ಹಿರಿಯ ಡೋಸೆಂಟರಿಬ್ಬರು ಸಂದರ್ಶಕರಂತೆ ಜೊತೆಗೆ ಬಂದರು. ನಾನು ಕಲಿತದ್ದನ್ನೆಲ್ಲ ಹೇಳಿದೆ: ಇಸವಿ, ತೂಕ, ಆಳ, ಚೀಸು, ಹಡಗು, ಒಂದನ್ನೂ ಬಿಡಲಿಲ್ಲ. ಮುಗಿದ ಮೇಲೆ ಅವರಲ್ಲೊಬ್ಬರು ಮೆಲ್ಲಗೆ, "ನೀವು ಹೇಳಿದ್ದರಲ್ಲಿ ಒಂದೂ ತಪ್ಪಿಲ್ಲ, ಆದರೆ ನಮಗೆ ನೋಡಲು ಬಿಡುವನ್ನೇ ಕೊಡಲಿಲ್ಲ" ಎಂದರು. ನಾನು ವಿವರಿಸುತ್ತಿದ್ದಾಗ ಬೆನ್ನ ಹಿಂದೆ ಗಿಡುಗವೊಂದು ಇಲಿಯನ್ನು ಹಿಡಿದು ಹಾರಿತ್ತಂತೆ; ನಾನೊಬ್ಬಳೇ ಅದನ್ನು ನೋಡಿರಲಿಲ್ಲ. ಇನ್ನೊಂದು ಸಲ ಮಾಡಿ ತೋರಿಸಬೇಕಾಯಿತು. ಅಂದು ಕಾರಿನಲ್ಲಿ ಕುಳಿತು ಅತ್ತದ್ದನ್ನು ಮುಚ್ಚಿಡುವುದಿಲ್ಲ. ಎರಡನೆಯ ಸಲ ಟಿಪ್ಪಣಿಯ ಮುಕ್ಕಾಲು ಪಾಲನ್ನು ಹೊಡೆದುಹಾಕಿ ಹೋದೆ, ಹೇಳುವುದಕ್ಕಿಂತ ಹೆಚ್ಚು ಹೊತ್ತು ನಿಂತೆ, ತೇರ್ಗಡೆಯಾದೆ. ಅರ್ಜಿ ಹಾಕುವವರಿಗೆ ನನ್ನ ಒಂದೇ ಒಂದು ಸಲಹೆ ಬೇಕಿದ್ದರೆ ಇದು: ಓದುವುದನ್ನು ಕಡಿಮೆ ಮಾಡಿ, ನವೆಂಬರಿನಲ್ಲಿ ಖಾಲಿ ದಂಡೆಯ ಮೇಲೆ ಒಂದೆರಡು ದಿನ ಸುಮ್ಮನೆ ನಿಂತು ಬನ್ನಿ.

ಡಿಸೆಂಬರ್ ಮೊದಲ ಎರಡು ವಾರ ಸೀಲುಗಳ ಪ್ರದೇಶವನ್ನು ಮುಚ್ಚಿರುತ್ತಾರೆ. ಆ ಹೊತ್ತಿಗೆ ಗಂಡುಗಳು ಬಂದು ಜಾಗ ಹಿಡಿಯುತ್ತಿರುತ್ತವೆ. ನನ್ನ ಪಾಲಿಗೆ ಬಂದ ಮೊದಲ ನಡಿಗೆ ಡಿಸೆಂಬರ್ ಮೂರನೆಯ ಶನಿವಾರದ್ದು, ಜಡಿಮಳೆಯಲ್ಲಿ. ಮಳೆ ಬಂದರೂ ನಡಿಗೆ ನಿಲ್ಲುವುದಿಲ್ಲ. ಆದರೆ ಸೀಲುಗಳು ಬೆದರುವುದರಿಂದ ಕೊಡೆ ಹಿಡಿಯುವಂತಿಲ್ಲ. ಕೊಡೆಯಿಲ್ಲದೆ ಜೂನಿನಲ್ಲಿ ಹೊಸ್ತಿಲು ದಾಟದ ಊರಿನಿಂದ ಬಂದ ನಾನು, ಸಂದರ್ಶಕರ ಕೈಯಿಂದ ಹನ್ನೊಂದು ಕೊಡೆಗಳನ್ನು ತೆಗೆಸಿ ಇಡಿಸುವ ಕೆಲಸದಿಂದ ಸೇವೆ ಆರಂಭಿಸಿದೆ. ಒಬ್ಬರು ಸಿಡುಕಿದರು. ಮರಳದಿಬ್ಬವನ್ನೇರುವಾಗ ಒಂದು ಹೆಜ್ಜೆಗೆ ಅರ್ಧ ಹೆಜ್ಜೆ ಹಿಂದಕ್ಕೆ ಜಾರುತ್ತದೆ. ಮೇಲೆ ತಲುಪಿ ಮೊದಲ ಗಂಡು ಸೀಲನ್ನು ಕಂಡ ಮೇಲೆ ಆ ಸಿಡುಕಿದವರೇ ಎಲ್ಲರಿಗಿಂತ ಮೊದಲು ಟೋಪಿ ತೆಗೆದು ನಿಂತರು.

ನಡಿಗೆ ನಡೆಸುವುದಲ್ಲದೆ 'ರೋವರ್' ಎಂಬ ಇನ್ನೊಂದು ಕೆಲಸವಿದೆ. ರೇಡಿಯೊ ಹಿಡಿದು ಮರಳಲ್ಲಿ ತಿರುಗುತ್ತಾ, ಯಾವ ದಾರಿಯಲ್ಲಿ ಸೀಲು ಮಲಗಿದೆ, ಯಾವ ಗುಂಪನ್ನು ಎತ್ತ ತಿರುಗಿಸಬೇಕೆಂದು ತಿಳಿಸುತ್ತಿರಬೇಕು. ಮನುಷ್ಯರು ಕನಿಷ್ಠ 25 ಅಡಿ ದೂರವಿರಬೇಕೆಂಬುದು ನಿಯಮ. ನಿಯಮ ಸೀಲಿಗೆ ಗೊತ್ತಿಲ್ಲ. ಜನವರಿಯ ಒಂದು ಬೆಳಿಗ್ಗೆ ಸೋತ ಗಂಡೊಂದು ಗೆದ್ದದ್ದರಿಂದ ಓಡಿಸಿಕೊಂಡು, ಹುಲ್ಲಿನ ಮರೆಯಿಂದ ನೇರವಾಗಿ ದಾರಿಗೇ ನುಗ್ಗಿತು. ಅಷ್ಟು ದೊಡ್ಡ ದೇಹ ಮರಳಿನಲ್ಲಿ ಮನುಷ್ಯನಿಗಿಂತ ವೇಗವಾಗಿ ಬರಬಲ್ಲದೆಂದು ತರಗತಿಯಲ್ಲಿ ಕೇಳಿದ್ದೆ, ನಂಬಿರಲಿಲ್ಲ. ಗುಂಪನ್ನು ದಿಬ್ಬದ ಮೇಲಕ್ಕೆ ಹಿಂದೆ ಸರಿಸುವಾಗ ನನ್ನ ಬಾಯಿಂದ ಬಂದದ್ದು "ಹಿಂದೆ ಹೋಗಿ, ಹಿಂದೆ ಹೋಗಿ" ಎಂಬ ಅಚ್ಚಕನ್ನಡ. ಆಶ್ಚರ್ಯವೆಂದರೆ ಎಲ್ಲರೂ ಹಿಂದೆ ಹೋದರು. ಇದರ ಎದುರಿಗೆ, ಸೀಲಿನೊಂದಿಗೆ ಸೆಲ್ಫಿ ತೆಗೆದುಕೊಳ್ಳಲು ಹಗ್ಗದ ಗುರುತನ್ನು ದಾಟುವ ವಯಸ್ಕರನ್ನು ತಡೆಯುವುದು ಹೆಚ್ಚು ಕಷ್ಟದ ಕೆಲಸ. ಸಂಯೋಜಕರು ಜುಲೈಯಲ್ಲಿ ಆ ಪ್ರಶ್ನೆಯನ್ನೇಕೆ ಕೇಳಿದ್ದರೆಂದು ಜನವರಿಯಲ್ಲಿ ಅರ್ಥವಾಯಿತು.

ಮನಸ್ಸು ಗಟ್ಟಿಯಿಲ್ಲದವರು ತಿಳಿದಿರಬೇಕಾದ ಇನ್ನೊಂದು ವಿಷಯವಿದೆ. ಗಂಡುಗಳ ಕಾದಾಟದಲ್ಲಿ ಮರಿಗಳು ಅಡಿಗೆ ಸಿಕ್ಕಿ ಸಾಯುತ್ತವೆ. ಬಿರುಗಾಳಿಯ ಅಲೆಗಳಲ್ಲಿ ತಾಯಿಯಿಂದ ಬೇರೆಯಾದ ಮರಿ ಬೇರೆ ಹೆಣ್ಣುಗಳ ಬಳಿ ಹಾಲಿಗೆ ಹೋಗಿ ಕಚ್ಚಿಸಿಕೊಂಡು ಬರುತ್ತದೆ. ಹಾಗೆ ಒಂದು ಮರಿ ಎರಡು ದಿನ ಕೂಗುತ್ತಿದ್ದುದನ್ನು ನಾನು ನೋಡಿದೆ. ಮೂರನೆಯ ವಾರಕ್ಕೆ ಹೋದಾಗ ಅಲ್ಲಿ ಹದ್ದು-ಕಡಲಕಾಗೆಗಳಿದ್ದವು. ಕಡಲ ಸಸ್ತನಿಗಳ ರಕ್ಷಣೆಗೆ 1972ರಲ್ಲಿ ಬಂದ ಕಾಯಿದೆಯಂತೆ ಅವುಗಳನ್ನು ಮುಟ್ಟುವಂತಿಲ್ಲ, ಪ್ರಕೃತಿಯ ನಡೆಯಲ್ಲಿ ನಾವು ಕೈಹಾಕುವುದೂ ಇಲ್ಲ. ಗುಂಪಿನಲ್ಲಿದ್ದ ಎಂಟು ವರ್ಷದ ಹುಡುಗ, "ನೀವು ಕಾವಲಿದ್ದೀರಲ್ಲ, ಏಕೆ ಎತ್ತಿಕೊಳ್ಳುವುದಿಲ್ಲ?" ಎಂದು ಕೇಳಿದ. ಕಲಿತ ಉತ್ತರವನ್ನು ಕೊಟ್ಟೆ. ಅವನಿಗೂ ನನಗೂ ಅದು ಸಾಕಾಗಲಿಲ್ಲ.

ಫೆಬ್ರುವರಿಯಲ್ಲಿ ಒಂದು ಗುಂಪಿನಲ್ಲಿ ಹಾಸನದ ಕಡೆಯ ಕುಟುಂಬವಿತ್ತು. ಮಗನ ಮನೆಗೆ ಬಂದಿದ್ದ ಅಜ್ಜಿ ಸೀರೆಯ ಮೇಲೆ ಜಾಕೆಟ್ಟು ಧರಿಸಿ, ಕ್ಯಾನ್ವಾಸ್ ಬೂಟು ಹಾಕಿಕೊಂಡು ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದರು. ಅವರಿಗೆ ಬೇರೆಯಾಗಿ ಕನ್ನಡದಲ್ಲಿ ಹೇಳಿದೆ: ತಾಯಿ ಇಪ್ಪತ್ತೆಂಟು ದಿನ ಹಸಿದಿದ್ದು ಮರಿಗೆ ಹಾಲೂಡಿಸಿ, ಆಮೇಲೆ ಅದನ್ನು ಇಲ್ಲೇ ಬಿಟ್ಟು ಕಡಲಿಗೆ ಹೋಗಿಬಿಡುತ್ತದೆ ಎಂದು. ಅಜ್ಜಿ ಸ್ವಲ್ಪ ಹೊತ್ತು ನೋಡಿ, "ಅಲ್ಲಮ್ಮಾ, ಬಾಣಂತಿಗೆ ಒಂದು ತುತ್ತು ಅನ್ನ ಇಕ್ಕೋರು ಯಾರೂ ಇಲ್ವೇ?" ಎಂದರು. ಅದನ್ನು ಇಂಗ್ಲಿಷಿಗೆ ತಿರುಗಿಸಿ ಉಳಿದವರಿಗೆ ಹೇಳಲು ಹೋಗಿ ಸೋತೆ.

ಇನ್ನು ಖರ್ಚಿನ ಲೆಕ್ಕ. ಬೆರಳಚ್ಚಿಗೆ ಎರಡು ಸಲ ಸೇರಿ 60 ಡಾಲರ್, ಕಣಕಾಲು ಮುಚ್ಚುವ, ನೀರು ಹೀರದ ಬೂಟಿಗೆ 140, ಮಳೆಯಂಗಿಗೆ 90, ಹಳೆಯ ದುರ್ಬೀನು ಮನೆಯಲ್ಲಿತ್ತು. ನನ್ನ ಮನೆಯಿಂದ ಹೋಗಿ ಬರಲು ಸುಮಾರು 100 ಮೈಲಿ. ತರಬೇತಿಯೂ ಸೇರಿ ಇಪ್ಪತ್ತಾರು ಸಲ ಹೋಗಿದ್ದೇನೆ, ಪೆಟ್ರೋಲಿನ ಲೆಕ್ಕವನ್ನು ಯಜಮಾನರು ಇಟ್ಟಿದ್ದಾರೆ, ನಾನು ಕೇಳಿಲ್ಲ. ಲಾ ಹೊಂಡ ಎಂಬ ಊರಿನ ಮೇಲೆ ಹೋಗುವ 84ನೆಯ ಹೆದ್ದಾರಿ ಹತ್ತಿರವಾದರೂ ನಮ್ಮ ದೇವಿಮನೆ ಘಟ್ಟದಂತೆ ತಿರುವುಗಳೇ. ಮಂಜು ಕವಿದ ಬೆಳಿಗ್ಗೆ ಸಾಂತಾ ಕ್ರೂಸ್ ಮೂಲಕ ಸುತ್ತಿ ಹೋಗುವುದೇ ನಿರಾಳ. ಉದ್ಯಾನದಲ್ಲಿ ಮೊಬೈಲ್ ಸಂಕೇತ ಸಿಗುವುದೇ ಅಪರೂಪ, ಆದ್ದರಿಂದ ಮನೆಯವರಿಗೆ ಹಿಂತಿರುಗುವ ಹೊತ್ತನ್ನು ಮೊದಲೇ ಹೇಳಿ ಹೊರಡಿ. ಬುತ್ತಿಯನ್ನು ಕಾರಿನಲ್ಲೇ ತಿನ್ನಿ, ಸೀಲುಗಳ ಪ್ರದೇಶದಲ್ಲಿ ತಿನ್ನುವಂತಿಲ್ಲ. ಕಾಲುದಾರಿಯ ಅಂಚಿನಲ್ಲಿ ಮೂರೆಲೆಯ ಪಾಯ್ಸನ್ ಓಕ್ ಬೆಳೆದಿರುತ್ತದೆ. ನಮ್ಮ ಕಡೆಯ ಗೇರುಮರದ ಕುಟುಂಬಕ್ಕೇ ಸೇರಿದ ಅದು ತಾಗಿದರೆ ಗೇರುಸೊನೆ ಸುಟ್ಟಂತೆಯೇ ಸುಡುತ್ತದೆ. ತುಂಬು ತೋಳಿನ ಅಂಗಿ ಹಾಕಿಕೊಳ್ಳಿ.

ಕೊನೆಯ ದಿನ ಗುಂಪಿನಲ್ಲಿ ಆರೇ ಜನರಿದ್ದರು. ದೊಡ್ಡವುಗಳೆಲ್ಲ ಹೋಗಿಯಾಗಿತ್ತು. ಹಾಲು ಬಿಟ್ಟ ಮರಿಗಳು ನೂರಾರು, ಬೆಳ್ಳಿಬಣ್ಣದ ಹೊಸ ತುಪ್ಪಟದಲ್ಲಿ, ದಂಡೆಯ ತುಂಬ ಸಾಲಾಗಿ ಮಲಗಿದ್ದವು. ಕೆಲವು ಬಂಡೆಯ ಸಂದಿನ ತಿಳಿನೀರಿಗಿಳಿದು, ಕಲಿಸುವವರು ಯಾರೂ ಇಲ್ಲದೆ, ತಲೆ ಮುಳುಗಿಸಿ ಎತ್ತಿ ಈಜಲು ಕಲಿಯುತ್ತಿದ್ದವು. ಹತ್ತು ನಿಮಿಷ ನಾವು ಏಳು ಜನ ಮಾತಾಡಲಿಲ್ಲ. ಏಪ್ರಿಲಿನಲ್ಲಿ ಹೆಣ್ಣುಗಳು ಚರ್ಮ ಕಳಚಲು ಮರಳಿ ಬರುತ್ತವೆ, ಆಗ ಸಂದರ್ಶಕರು ಅನುಮತಿ ಚೀಟಿ ಪಡೆದು ತಾವಾಗಿಯೇ ನಡೆದು ನೋಡಬಹುದು. ದಂಡೆಯ ಬಳಿ ನಿಲ್ಲಲು ಮಾತ್ರ ಒಬ್ಬರು ಬೇಕು. ಊರಿನಿಂದ ಮರಳಿ ಬಂದ ಮೇಲಿನ ಮೊದಲ ಶನಿವಾರಕ್ಕೆ, ಮೇ ತಿಂಗಳ ಪಟ್ಟಿಯಲ್ಲಿ, ಹೆಸರು ಬರೆದು ಬಂದಿದ್ದೇನೆ. ಈ ಸಲ ದೂರವಾಣಿ ಸಂಖ್ಯೆಯನ್ನೂ ಬರೆದೆ.